ಟಿಕೆಟ್ ಇದೆ, ಪ್ಯಾಂಟ್ ಎಲ್ಲಿ?

ಕರ್ನಾಟಕದಲ್ಲಿ ಪಂಚೆ ಉಟ್ಟುಕೊಂಡು 3.71 ಲಕ್ಷ ಕೋಟಿ ರೂಪಾಯಿಯ ಬಜೆಟ್ ಮಂಡಿಸಬಹುದು. 2024ರ ಫೆಬ್ರವರಿಯಲ್ಲಿ ಸಿದ್ದರಾಮಯ್ಯನವರು ಮಂಡಿಸಿಯೇ ತೋರಿಸಿದರು. ಪಂಚೆಯಲ್ಲೇ ದೇಶದ ಪ್ರಧಾನಿಯೂ ಆಗಬಹುದು, 1996ರಲ್ಲಿ ದೇವೇಗೌಡರು ಆಗಿದ್ದಾರೆ. ಆದರೆ ಪಂಚೆ ಉಟ್ಟುಕೊಂಡು ಬೆಂಗಳೂರಿನ ಮಾಲಿನಲ್ಲಿ ಸಿನಿಮಾ ನೋಡ್ತೀನಿ ಅಂದ್ರೆ ಸ್ವಲ್ಪ ಕಷ್ಟ. ಎಲ್ಲದಕ್ಕೂ ಒಂದು ಲೆವೆಲ್ ಅಂತ ಇರುತ್ತೆ ಅಲ್ವಾ?

ಅದೇ ವರ್ಷ ಜುಲೈನಲ್ಲಿ ಮಾಗಡಿ ರಸ್ತೆಯ ಮಾಲೊಂದರ ಬಾಗಿಲಲ್ಲಿ ಇದೇ ಆಯಿತು. ಮಗ ಊರಿಂದ ಬಂದ ಅಪ್ಪ ಅಮ್ಮನನ್ನು ಸಿನಿಮಾಕ್ಕೆ ಕರೆದುಕೊಂಡು ಬಂದಿದ್ದ. ಟಿಕೆಟ್ ಇತ್ತು. ಅಪ್ಪ ಹಾವೇರಿ ಕಡೆಯ ರೈತರು, ಬಿಳಿ ಅಂಗಿ, ಬಿಳಿ ಪಂಚೆ. ಪಂಚೆ ಉಟ್ಟವರನ್ನು ಒಳಗೆ ಬಿಡುವ ಹಾಗಿಲ್ಲ, ಪ್ಯಾಂಟ್ ಹಾಕಿಕೊಂಡು ಬನ್ನಿ ಅಂದರು. ಹಾವೇರಿಗೆ ಹೋಗಿ ಪ್ಯಾಂಟ್ ಹಾಕಿಕೊಂಡು ಬರುವಷ್ಟರಲ್ಲಿ ಸಿನಿಮಾ ಟೀವಿಯಲ್ಲೇ ಬಂದಿರುತ್ತೆ, ಆ ಮಾತು ಬೇರೆ.

ಆಮೇಲೆ ಎಲ್ಲರಿಗೂ ಸಂಸ್ಕೃತಿ ನೆನಪಾಯಿತು. ಪಂಚೆ ಉಟ್ಟು ಪ್ರತಿಭಟನೆ ನಡೆಯಿತು. ಮಾಲಿನವರು ಕ್ಷಮೆ ಕೇಳಿ ಶಾಲು ಹೊದಿಸಿದರು. ಒಂದು ಬಟ್ಟೆ ಉಟ್ಟದ್ದಕ್ಕೆ ತಡೆದವರು ಇನ್ನೊಂದು ಬಟ್ಟೆ ಹೊದಿಸಿ ಲೆಕ್ಕ ಚುಕ್ತಾ ಮಾಡಿದರು. ವಿಷಯ ವಿಧಾನಸಭೆಗೆ ಹೋಯಿತು, ಮಾಲನ್ನು ಏಳು ದಿನ ಮುಚ್ಚಿಸುತ್ತೇವೆ ಅಂತ ಸರ್ಕಾರ ಹೇಳಿತು. ಅಷ್ಟು ಹೊತ್ತಿಗೆ ಪಾಲಿಕೆಯವರಿಗೂ ಒಂದು ಜ್ಞಾನೋದಯ. ಅರೆ, ಈ ಕಟ್ಟಡದ್ದು ಕೋಟಿಗೂ ಮೇಲೆ ಆಸ್ತಿ ತೆರಿಗೆ ಬಾಕಿ ಇದೆಯಲ್ಲ! ಇದು ಒಳ್ಳೆ ವಿಧಾನ ಅಂತ ನನಗೆ ಅನ್ನಿಸುತ್ತೆ. ಡಿಮ್ಯಾಂಡ್ ನೋಟಿಸ್ ಕಳಿಸಿ ಪೋಸ್ಟ್ ಖರ್ಚು ಯಾಕೆ? ವಾರ್ಡಿಗೊಬ್ಬ ಪಂಚೆ ಉಟ್ಟ ಹಿರಿಯರನ್ನು ನೇಮಿಸಿ, ಬಾಕಿದಾರರ ಬಾಗಿಲಲ್ಲಿ ನಿಲ್ಲಿಸಿದರೆ ಸಾಕು. ಸಂಜೆಯೊಳಗೆ ವಸೂಲಿ.

ಅದಕ್ಕೂ ಕೆಲವು ತಿಂಗಳು ಮುಂಚೆ ರಾಜಾಜಿನಗರ ಮೆಟ್ರೋ ಸ್ಟೇಷನ್ನಿನಲ್ಲಿ ತಲೆ ಮೇಲೆ ಗಂಟು ಹೊತ್ತ ರೈತರೊಬ್ಬರನ್ನು ಬಟ್ಟೆ ಗಲೀಜು ಅಂತ ತಡೆದಿದ್ದರು. ಅವರ ಕೈಯಲ್ಲೂ ಟಿಕೆಟ್ ಇತ್ತು. ಜೊತೆಗಿದ್ದ ಪ್ರಯಾಣಿಕರು ಜಗಳಕ್ಕೆ ನಿಂತ ಮೇಲೆ ಅವರು ರೈಲು ಹತ್ತಿದ್ದು. ಸೆಕ್ಯುರಿಟಿ ಸೂಪರ್‌ವೈಸರ್ ಕೆಲಸ ಹೋಯಿತು.

ನಮ್ಮಲ್ಲಿ ಇದು ಯಾವಾಗಲೂ ಹೀಗೇ. ಹೋಗುವುದು ಬಾಗಿಲಲ್ಲಿ ನಿಂತವನ ಕೆಲಸ. ಆ ಗಾರ್ಡ್ ಹನ್ನೆರಡು ಗಂಟೆ ನಿಲ್ಲುತ್ತಾನೆ. ಅವನ ಅಪ್ಪನೂ ರಾಯಚೂರಿನಲ್ಲೋ ಒಡಿಶಾದಲ್ಲೋ ಪಂಚೆ ಸುತ್ತಿಕೊಂಡೇ ಹೊಲಕ್ಕೆ ಹೋಗಿರುತ್ತಾನೆ. 'ಎಂಥವರನ್ನು ಬಿಡಬೇಕು, ಎಂಥವರನ್ನು ಬಿಡಬಾರದು' ಅಂತ ಅವನಿಗೆ ಬಾಯಲ್ಲಿ ಹೇಳಿಕೊಟ್ಟವರು ಎಸಿ ರೂಮಿನಲ್ಲಿ ಕೂತಿರುತ್ತಾರೆ. ಅದು ಎಲ್ಲೂ ಬರಹದಲ್ಲಿ ಇರುವುದಿಲ್ಲ. ಗಲಾಟೆ ಆದಾಗ 'ನಮ್ಮ ಪಾಲಿಸಿಯಲ್ಲಿ ಹಾಗೇನೂ ಇಲ್ಲ' ಅಂತ ಹೇಳೋಕೆ ಅನುಕೂಲ ಆಗಲಿ ಅಂತ.

ಮಾಲ್, ಮೆಟ್ರೋ ಬಿಡಿ. ಅಲ್ಲಿ ತಡೆಯುವವರು ಅಪರಿಚಿತರು. ಪಂಚೆಯ ನಿಜವಾದ ಪರೀಕ್ಷೆ ಆಗಬೇಕಾದರೆ ಮಾಮೂಲಿ ಮಂಗಳವಾರ ಅದನ್ನು ಉಟ್ಟುಕೊಂಡು ಆಫೀಸಿಗೆ ಹೋಗಬೇಕು. ಹಬ್ಬ ಇರಬಾರದು, ಮದುವೆ ಇರಬಾರದು, ಸುಮ್ನೆ ಹೋಗಬೇಕು. ಸೆಖೆ ಇದೆ, ಗಾಳಿ ಆಡುತ್ತೆ ಅನ್ನುವುದು ಬಿಟ್ಟರೆ ಬೇರೆ ಕಾರಣ ಇರಬಾರದು. ನೋಡಿ ಆಗ.

ಲಿಫ್ಟಿನಲ್ಲಿ ಮೊದಲ ಪ್ರಶ್ನೆ: 'ಏನ್ ಸಾರ್, ಮನೇಲಿ ಪೂಜೆನಾ?' ಇಲ್ಲ. 'ಮಾಲೆ ಹಾಕಿದ್ದೀರಾ?' ಇಲ್ಲ. 'ಮಧ್ಯಾಹ್ನ ರಿಸೆಪ್ಷನ್ನಾ?' ಅದೂ ಇಲ್ಲ. ಅಷ್ಟಕ್ಕೆ ಮುಖ ಗಂಭೀರ ಆಗುತ್ತೆ, ದನಿ ಇಳಿಯುತ್ತೆ. 'ಏನಾದ್ರೂ ಆಪರೇಷನ್ ಆಯ್ತಾ ಸಾರ್?' ಹರ್ನಿಯಾ ಆದವರಿಗೆ ಮಾತ್ರ ವಾರದ ದಿನಗಳಲ್ಲಿ ಪಂಚೆ ಉಡುವ ಹಕ್ಕಿದೆ ಅನ್ನುವುದು ಲಿಫ್ಟಿನಲ್ಲಿ ಎಲ್ಲರೂ ಒಪ್ಪಿದ ವಿಷಯ. ಅದೂ ಅಲ್ಲ ಅಂತ ಗೊತ್ತಾದರೆ ಉಳಿದದ್ದು ಒಂದೇ: 'ಎಲೆಕ್ಷನ್‌ಗೆ ನಿಲ್ತೀರಾ?'

ಮಂಡಿ ಹರಿದ ಜೀನ್ಸ್ ಹಾಕಿಕೊಂಡು ಬಂದ ಹುಡುಗ ಆರಾಮಾಗಿ ಕಾಫಿ ಕುಡಿಯುತ್ತಾ ಇದನ್ನೆಲ್ಲ ನೋಡುತ್ತಿರುತ್ತಾನೆ. ಅವನನ್ನು ಯಾರೂ ಆಪರೇಷನ್ ಆಯ್ತಾ ಅಂತ ಕೇಳುವುದಿಲ್ಲ. ಪಕ್ಕದವನು ಚಡ್ಡಿಯಲ್ಲಿ ಬಂದಿರುತ್ತಾನೆ, ಅದು ಸ್ಟಾರ್ಟಪ್ ಸಂಸ್ಕೃತಿ. ಮೊಣಕಾಲು ಕಂಡರೂ ಪರವಾಗಿಲ್ಲ, ತೊಟ್ಟ ಬಟ್ಟೆಗೆ ಹೊಲಿಗೆ ಇರಬೇಕು.

ಹಾಗಂತ ಆಫೀಸುಗಳಿಗೆ ಪಂಚೆ ಮೇಲೆ ಪ್ರೀತಿ ಇಲ್ಲ ಅನ್ನಬೇಡಿ. ವರ್ಷಕ್ಕೊಂದು ದಿನ ಎಥ್ನಿಕ್ ಡೇ ಇರುತ್ತಲ್ಲ. ಹಿಂದಿನ ವಾರವೇ ಎಚ್ಆರ್‌ನಿಂದ ಇಂಗ್ಲಿಷಿನಲ್ಲಿ ಮೇಲ್ ಬರುತ್ತೆ. ದಯವಿಟ್ಟು ಎಲ್ಲರೂ ಸಂಪ್ರದಾಯವನ್ನು ಬೆಳಗ್ಗೆ ಹತ್ತರಿಂದ ಆಚರಿಸಿ, ಫೋಟೋ ಹನ್ನೊಂದಕ್ಕೆ. ಅವತ್ತು ಪಂಚೆ ಉಡದೆ ಬಂದವನೇ ಕಳ್ಳ. ಉಡೋಕೆ ಬರಲ್ಲ ಅನ್ನುವವರಿಗೆ ಅಂಗಡಿಯಲ್ಲಿ ವೆಲ್ಕ್ರೋ ಪಂಚೆ ಸಿಗುತ್ತೆ. ಸೊಂಟಕ್ಕೆ ಸುತ್ತಿ ಚರ್ರ್ ಅಂತ ಅಂಟಿಸಿದರೆ ಮುಗಿಯಿತು, ಪಕ್ಕದಲ್ಲಿ ಮೊಬೈಲ್ ಇಡೋಕೆ ಜೇಬು. ಅದರ ಮೇಲೂ ನಂಬಿಕೆ ಇಲ್ಲದವರು ಬೆಲ್ಟ್ ಬಿಗಿಯುತ್ತಾರೆ. ಬೆಲ್ಟ್ ಮೇಲೆ ಐಡಿ ಕಾರ್ಡ್. ಫೋಟೋದಲ್ಲಿ ಎಲ್ಲರೂ ಜರಿ ಅಂಚನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ನಿಂತಿರುತ್ತಾರೆ. ಸ್ಟೈಲಿಗೆ ಅಂತ ನೋಡಿದವರು ಅಂದುಕೊಳ್ಳುತ್ತಾರೆ. ಬಿಟ್ಟರೆ ಎಲ್ಲಿ ಕುರ್ಚಿಯ ಚಕ್ರಕ್ಕೆ ಸಿಕ್ಕಿಕೊಳ್ಳುತ್ತೋ ಅನ್ನುವ ಭಯ ಅದು. ಮಧ್ಯಾಹ್ನ ಎರಡಕ್ಕೆ ಕ್ಲೈಂಟ್ ಕಾಲ್. ಒಂದೂಮುಕ್ಕಾಲಿಗೆ ರೆಸ್ಟ್‌ರೂಮಿನ ಮುಂದೆ ಪ್ಯಾಂಟ್ ಹಿಡಿದುಕೊಂಡವರ ಕ್ಯೂ. ವಿಡಿಯೋದಲ್ಲಿ ಕಾಣುವುದು ಎದೆಯಿಂದ ಮೇಲೆ ಮಾತ್ರ, ಆದರೂ.

ಇದೇ ಕ್ಲೈಂಟ್ ಸ್ಕಾಟ್ಲೆಂಡಿನಿಂದ ಕಿಲ್ಟ್, ಅಂದ್ರೆ ಅಲ್ಲಿನ ಗಂಡಸರ ಮಂಡಿವರೆಗಿನ ನೆರಿಗೆ ಲಂಗ, ತೊಟ್ಟುಕೊಂಡು ಬಂದು ರಿಸೆಪ್ಷನ್ನಿನಲ್ಲಿ ನಿಂತ ಅಂದುಕೊಳ್ಳಿ. ಕಾಲಿಗೆ ಉದ್ದ ಸಾಕ್ಸು, ಹೊಟ್ಟೆ ಕೆಳಗೆ ತೂಗುಬಿಟ್ಟ ಚರ್ಮದ ಚೀಲ. ಹೂಗುಚ್ಛ ಕೊಟ್ಟು, ಸೆಲ್ಫಿ ತೆಗೆಸಿಕೊಂಡು, 'ತಮ್ಮ ಪರಂಪರೆ ಬಿಟ್ಟುಕೊಟ್ಟಿಲ್ಲ ನೋಡಿ ಅವರು' ಅಂತ ಊಟದ ಹೊತ್ತಿನಲ್ಲಿ ನಮಗೇ ಪಾಠ ಹೇಳುತ್ತಾರೆ. ಆ ಪರಂಪರೆಯ ಕಥೆಯೂ ಚೆನ್ನಾಗಿದೆ. 1746ರಲ್ಲಿ ಬ್ರಿಟಿಷ್ ಪಾರ್ಲಿಮೆಂಟೇ ಸ್ಕಾಟ್ಲೆಂಡಿನ ಗಂಡಸರು ಕಿಲ್ಟ್ ತೊಡಬಾರದು ಅಂತ ಕಾನೂನು ಮಾಡಿತ್ತು. ಸಿಕ್ಕಿಬಿದ್ದರೆ ಆರು ತಿಂಗಳು ಜೈಲು, ಎರಡನೇ ಸಲ ಸಿಕ್ಕರೆ ಏಳು ವರ್ಷ ಗಡಿಪಾರು. 1782ರಲ್ಲಿ ಆ ಕಾನೂನು ಹೋಯಿತು. ನಲವತ್ತು ವರ್ಷ ಆದ ಮೇಲೆ, 1822ರಲ್ಲಿ, ರಾಜ ನಾಲ್ಕನೇ ಜಾರ್ಜ್ ಎಡಿನ್‌ಬರೋಗೆ ಹೋದಾಗ ತಾನೇ ಕಿಲ್ಟ್ ತೊಟ್ಟು ಮೆರೆದ. ಅಂದ್ರೆ ಎಥ್ನಿಕ್ ಡೇಗೆ ಇನ್ನೂರು ವರ್ಷದ ಇತಿಹಾಸ ಇದೆ. ಮೊದಲು ನಿಷೇಧ, ಆಮೇಲೆ ಫೋಟೋ.

ಕಿಲ್ಟ್ ತೊಟ್ಟವರನ್ನು ಜಗತ್ತೆಲ್ಲ ಕೇಳುವ ಪ್ರಶ್ನೆ ಒಂದೇ, ಒಳಗೆ ಏನು ಹಾಕಿದ್ದೀರಿ ಅಂತ. ಅವರು ನಕ್ಕು ಸುಮ್ಮನಾಗುತ್ತಾರಂತೆ. ನಮ್ಮಲ್ಲಿ ಆ ಗುಟ್ಟೇ ಇಲ್ಲ. ಪಟ್ಟಾಪಟ್ಟಿ ಚಡ್ಡಿ. ಜೇಬು ಸಮೇತ. ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಅಂದರೆ ಪಂಚೆ ಸರಿಸಿ ಆ ಜೇಬಿನಿಂದಲೇ ದುಡ್ಡು ತೆಗೆಯುವುದು ಇಡೀ ಬಸ್ಸಿಗೇ ಕಾಣುತ್ತೆ. ಯಾರೂ ತಿರುಗಿ ನೋಡುವುದಿಲ್ಲ.

ಪಕ್ಕದ ತಮಿಳುನಾಡಿನವರು ಈ ತಕರಾರಿಗೆ ಕಾನೂನೇ ಮಾಡಿಬಿಟ್ಟರು. 2014ರಲ್ಲಿ ಚೆನ್ನೈನ ಕ್ಲಬ್ಬಿನಲ್ಲಿ ಪುಸ್ತಕ ಬಿಡುಗಡೆ ಇತ್ತು. ವೇಷ್ಟಿ ಉಟ್ಟು ಬಂದ ಹೈಕೋರ್ಟ್ ನ್ಯಾಯಮೂರ್ತಿಯನ್ನೇ ಬಾಗಿಲಲ್ಲಿ ತಡೆದರು. ಹಿಂದೆಯೇ ಕಾಯ್ದೆ ಬಂತು: ವೇಷ್ಟಿ ಉಟ್ಟವರನ್ನು ತಡೆದರೆ ಒಂದು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ರೈತರನ್ನು ತಡೆದಿದ್ದರೆ ಕಾನೂನು ಅಷ್ಟು ಬೇಗ ಬರುತ್ತಿತ್ತಾ ಅಂತ ಕೇಳಬೇಡಿ, ನ್ಯಾಯಾಂಗ ನಿಂದನೆ ಆಗಿಬಿಟ್ಟೀತು.

ಇನ್ನು ದೇವಸ್ಥಾನಗಳದ್ದು ಉಲ್ಟಾ ಲೆಕ್ಕ. ತಿರುವನಂತಪುರದ ಪದ್ಮನಾಭಸ್ವಾಮಿ ಗುಡಿಗೆ ಪ್ಯಾಂಟಿನಲ್ಲಿ ಹೋಗುವ ಹಾಗೇ ಇಲ್ಲ, ಮುಂಡು ಉಡಲೇಬೇಕು. ತರದೇ ಬಂದವರಿಗೆ ಅಲ್ಲೇ ಬಾಡಿಗೆಗೆ ಸಿಗುತ್ತೆ. ಎಲ್ಲೂ ಪಂಚೆ ಮುಟ್ಟದ ಮ್ಯಾನೇಜರ್ ಅಲ್ಲಿ ಮರುಮಾತಿಲ್ಲದೆ ಸುತ್ತಿಕೊಂಡು ಲೈನಿನಲ್ಲಿ ನಿಲ್ಲುತ್ತಾನೆ. ದೇವರ ಮುಂದೆ ಡ್ರೆಸ್ ಕೋಡ್ ಪ್ರಶ್ನೆ ಮಾಡೋಕಾಗುತ್ತಾ?

ನಮ್ಮ ಮಾಲುಗಳೂ ಈ ಪದ್ಧತಿ ಶುರು ಮಾಡಬಹುದು. ಪಾರ್ಕಿಂಗ್ ಪಕ್ಕದಲ್ಲಿ ಒಂದು ಬಾಡಿಗೆ ಪ್ಯಾಂಟಿನ ಕೌಂಟರ್. ಸಣ್ಣದು, ದೊಡ್ಡದು, ಹಬ್ಬದ ಊಟ ಮಾಡಿ ಬಂದವರಿಗೆ ಎಲಾಸ್ಟಿಕ್ಕಿನದು. ಮೊದಲ ಎರಡು ಗಂಟೆಗೆ ನಲವತ್ತು ರೂಪಾಯಿ, ಆಮೇಲೆ ಗಂಟೆಗೆ ಇಪ್ಪತ್ತು. ಸಿನಿಮಾ ಟಿಕೆಟ್ ಇದ್ದವರಿಗೆ ರಿಯಾಯಿತಿ, ಜಿಎಸ್‌ಟಿ ಬೇರೆ. ಡೆಪಾಸಿಟ್‌ಗೆ ದುಡ್ಡು ಕೊಡಬೇಕಾಗಿಲ್ಲ, ಪಂಚೆ ಇಟ್ಟರೆ ಸಾಕು.