ಮಹಾಮಾರಿಯ ನಡುವೆ ಸಂದರ್ಶಕ ವಿದ್ವಾಂಸರು ವಿಮಾನ ಹತ್ತಬೇಕೆ?

ಪರ: ಕಾಯಲು ಎಲ್ಲರಿಗೂ ಪುರುಸೊತ್ತಿಲ್ಲ

"ಪರಿಸ್ಥಿತಿ ತಿಳಿಯಾಗಲಿ, ಆಮೇಲೆ ಹೋದರಾಯ್ತು" ಎಂದು, ಕೆಲ ಕಾಲದ ಸಂಶೋಧನೆಗೆ ಪರದೇಶದ ವಿಶ್ವವಿದ್ಯಾಲಯಕ್ಕೆ ಹೊರಟ ಸಂದರ್ಶಕ ವಿದ್ವಾಂಸರಿಗೆ ಹೇಳುವ ಬುದ್ಧಿಮಾತು ಕೇಳಲು ಚೆನ್ನ. ಕೋವಿಡ್ ಕಾಲದಲ್ಲಿ ತಿಳಿಯಾದದ್ದು ಯಾವಾಗ? ವಿಶ್ವ ಆರೋಗ್ಯ ಸಂಸ್ಥೆ 2020ರ ಜನವರಿ 30ರಂದು ಸಾರಿದ ಜಾಗತಿಕ ಆರೋಗ್ಯ ತುರ್ತುಸ್ಥಿತಿಯನ್ನು ಹಿಂತೆಗೆದುಕೊಂಡದ್ದು 2023ರ ಮೇ 5ರಂದು. ನಡುವೆ ಮೂರು ವರ್ಷಕ್ಕೂ ಮಿಕ್ಕಿ ಕಳೆದಿತ್ತು. ಸಂಶೋಧನೆಗೆ ಹಣ ಕೊಡುವ ಎಷ್ಟೋ ಫೆಲೋಶಿಪ್‌ಗಳ ಪೂರ್ತಿ ಅವಧಿಯೇ ಅಷ್ಟಿರುವುದಿಲ್ಲ. ಅರ್ಜಿ ಹಾಕುವ ಅರ್ಹತೆಯನ್ನೂ ಹಲವು ಕಡೆ ಪಿಎಚ್‌ಡಿ ಮುಗಿದ ವರ್ಷದಿಂದ ಎಣಿಸುತ್ತಾರೆ. ಕಾಯಂ ಹುದ್ದೆಯ ಪ್ರಾಧ್ಯಾಪಕರು ಪ್ರವಾಸ ಮುಂದೂಡಿದರೆ ಕಳೆದುಕೊಳ್ಳುವುದು ಒಂದು ಪ್ರವಾಸವನ್ನು ಮಾತ್ರ. ಗುತ್ತಿಗೆಯ ಮೇಲೆ ದುಡಿಯುವ ಎಳೆಯ ಸಂಶೋಧಕಿಗೆ ಅದರೊಂದಿಗೆ ಮುಂದಿನ ಕೆಲಸವೂ ಕೈತಪ್ಪಬಹುದು. ಕಾಯಿರಿ ಎನ್ನುವವರು ಹೆಚ್ಚಾಗಿ ಮೊದಲ ಗುಂಪಿನವರೇ ಎಂಬುದನ್ನೂ ಗಮನಿಸಬೇಕು.

ಎಲ್ಲವೂ ಆನ್‌ಲೈನ್ ಆಗುತ್ತದಲ್ಲ ಎಂದರೆ, ವಿಚಾರ ಸಂಕಿರಣದ ಮಟ್ಟಿಗೆ ಒಪ್ಪೋಣ. ತಾಳೆಗರಿ ಓದುವವರನ್ನು ಕೇಳಿ ನೋಡಿ. ಕಂಟವೆಂಬ ಲೋಹದ ಲೇಖನಿಯಿಂದ ಕೊರೆದ ಅಕ್ಷರಗಳಿಗೆ ತುಂಬಿದ ಮಸಿ ಅಳಿಸಿಹೋದ ಕಡೆ ಗರಿಯನ್ನು ಓರೆ ಬೆಳಕಿಗೆ ಮೆಲ್ಲಗೆ ವಾಲಿಸುತ್ತಾರೆ. ಗೀರಿನ ಅಂಚು ಸಣ್ಣ ನೆರಳು ಬೀಳಿಸಿದಾಗ ಅಕ್ಷರ ಕಾಣುತ್ತದೆ. ಅದೇ ಗರಿಯನ್ನು ಸಮ ಬೆಳಕಿನಲ್ಲಿ ಸ್ಕ್ಯಾನ್ ಮಾಡಿದರೆ ಆ ಜಾಗದಲ್ಲಿ ಬರೀ ಕಂದು ಬಣ್ಣವಿರುತ್ತದೆ. ಪ್ರಯೋಗಾಲಯದವರದೂ ಇದೇ ಪಾಡು: ಯಂತ್ರ ಎಲ್ಲಿದೆಯೋ ಅಲ್ಲಿಗೇ ಹೋಗಬೇಕು.

ಅಪಾಯವಿಲ್ಲ ಎಂದು ನಾನು ಹೇಳುತ್ತಿಲ್ಲ. 2020ರ ಏಪ್ರಿಲ್‌ನಲ್ಲಿ ಹೊರಟವರು ಕಣ್ಣುಕಟ್ಟಿಕೊಂಡು ಹೊರಟಂತೆಯೇ; ಲಸಿಕೆ ಬಂದ ಮೇಲಿನ ಲೆಕ್ಕ ಬೇರೆ. ಇನ್ನು ಪ್ರಯಾಣ ನಿಲ್ಲಿಸಿದರೆ ರೋಗ ನಿಲ್ಲುತ್ತದೆ ಎಂಬ ವಾದ ಒಮಿಕ್ರಾನ್ ಕಾಲದಲ್ಲೇ ಬಿದ್ದುಹೋಯಿತು. ದಕ್ಷಿಣ ಆಫ್ರಿಕಾ 2021ರ ನವೆಂಬರ್ 24ರಂದು ಹೊಸ ತಳಿಯ ಸುದ್ದಿ ಕೊಟ್ಟಿತು, ಕೆಲವೇ ದಿನಗಳಲ್ಲಿ ಹಲವು ದೇಶಗಳು ಅತ್ತಲಿನ ವಿಮಾನಗಳನ್ನು ತಡೆದವು. ನೆದರ್ಲೆಂಡ್ಸ್‌ನಲ್ಲಿ ನವೆಂಬರ್ 19ರಂದೇ ಸಂಗ್ರಹಿಸಿದ್ದ ಮಾದರಿಯಲ್ಲಿ ಆ ತಳಿ ಇದ್ದದ್ದು ಆಮೇಲೆ ಗೊತ್ತಾಯಿತು.

ವಿರೋಧ: ಹೋಗುವುದು ನಮ್ಮ ಕೈಲಿ, ಬರುವುದಲ್ಲ

ಓರೆ ಬೆಳಕಿನ ಮಾತು ನಿಜ. ಆದರೆ ಓದುವ ಕೋಣೆಗೇ ಬೀಗ ಬಿದ್ದಿದ್ದರೆ? ಫೆಲೋಶಿಪ್‌ನ ಹಣದಲ್ಲಿ ಪರದೇಶದ ಬಾಡಿಗೆ ಕೋಣೆಯಲ್ಲಿ ಕೂತು ಅದೇ ಸ್ಕ್ಯಾನ್ ನೋಡುವುದಕ್ಕೆ ಅಷ್ಟು ದೂರ ಹೋಗಬೇಕಿರಲಿಲ್ಲ.

ಇದು ಸಣ್ಣ ತೊಂದರೆ. ದೊಡ್ಡದು ವಾಪಸಾತಿಯದು. ಭಾರತ 2020ರ ಮಾರ್ಚ್‌ನಲ್ಲಿ ನಿಲ್ಲಿಸಿದ ನಿಗದಿತ ಅಂತರರಾಷ್ಟ್ರೀಯ ವಿಮಾನ ಸಂಚಾರ ಮತ್ತೆ ಶುರುವಾದದ್ದು 2022ರ ಮಾರ್ಚ್ 27ರಂದು. ಅಲ್ಲಿಯವರೆಗೆ ಇದ್ದದ್ದು ಮೊದಲು ಪರದೇಶದಲ್ಲಿ ಸಿಕ್ಕಿಕೊಂಡವರನ್ನು ಕರೆತರುವ ವಂದೇ ಭಾರತ್ ವಿಮಾನಗಳು, ಆಮೇಲೆ ಆಯ್ದ ದೇಶಗಳೊಡನೆ ಏರ್ ಬಬಲ್ ಎಂಬ ಸೀಮಿತ ಸಂಚಾರದ ಒಪ್ಪಂದ. ಆಸ್ಟ್ರೇಲಿಯಾ 2020ರ ಮಾರ್ಚ್ 20ರಂದು ಮುಚ್ಚಿದ ಗಡಿಯನ್ನು ಲಸಿಕೆ ಪಡೆದ ಎಲ್ಲ ವೀಸಾದಾರರಿಗೆ ತೆರೆದದ್ದು 2022ರ ಫೆಬ್ರುವರಿ 21ರಂದು.

ಅಮೆರಿಕದಲ್ಲಿ ಜೆ-1 ಎಂಬ ವಿನಿಮಯ ಸಂದರ್ಶಕರ ವೀಸಾದ ಮೇಲಿದ್ದ ವಿದ್ವಾಂಸರ ಸ್ಥಿತಿ ಇನ್ನೂ ವಿಚಿತ್ರ. ಪಾಸ್‌ಪೋರ್ಟ್‌ನಲ್ಲಿನ ವೀಸಾ ಸ್ಟ್ಯಾಂಪ್ ಅವಧಿ ಮೀರಿದ್ದರೂ ಕಾರ್ಯಕ್ರಮದ ಅವಧಿ ತಿಳಿಸುವ ಡಿಎಸ್-2019 ಪತ್ರ ಚಾಲ್ತಿಯಲ್ಲಿದ್ದರೆ ಅಲ್ಲಿರಲು ಅಡ್ಡಿಯಿಲ್ಲ. ಊರಿಗೆ ಬಂದು ಹೋಗಬೇಕೆಂದರೆ ಮಾತ್ರ ಹೊಸ ಸ್ಟ್ಯಾಂಪ್ ಬೇಕು. ಅದನ್ನು ಒತ್ತಬೇಕಾದ ಕಾನ್ಸುಲೇಟ್‌ಗಳೆಲ್ಲ 2020ರ ಮಾರ್ಚ್ 20ರಿಂದ ಸಾಮಾನ್ಯ ವೀಸಾ ಸೇವೆಯನ್ನೇ ನಿಲ್ಲಿಸಿದ್ದವು. ಅಂಥ ಹೊತ್ತಿನಲ್ಲಿ ಊರಲ್ಲಿ ಅಪ್ಪನಿಗೆ ಉಸಿರಾಟ ಕಷ್ಟವಾಗಿದೆ ಎಂಬ ಫೋನ್ ಬಂದರೆ ಏನು ಮಾಡುತ್ತೀರಿ? ಹೊರಟರೆ ಸಂಶೋಧನೆ ಅರ್ಧಕ್ಕೇ ನಿಲ್ಲಬಹುದು, ಹೊರಡದಿದ್ದರೆ ಅಪ್ಪನ ಮುಖ ನೋಡಲು ಸಿಗದಿರಬಹುದು. ಎಳೆಯ ಸಂಶೋಧಕಿಯ ಕೆಲಸದ ಬಗ್ಗೆ ಅಷ್ಟು ಕಾಳಜಿ ತೋರುವವರು ಈ ತ್ರಿಶಂಕು ಸ್ಥಿತಿಯನ್ನೂ ಆಕೆಯ ಲೆಕ್ಕದಲ್ಲಿ ಹಿಡಿಯಬೇಕು.

ನಿಯಮಗಳಂತೂ ಪ್ರಯಾಣ ಮುಗಿಯುವುದರೊಳಗೆ ಬದಲಾಗುತ್ತಿದ್ದವು. ಅಮೆರಿಕಕ್ಕೆ ಹೊರಡುವ ಮುನ್ನ ಮೂರು ದಿನದೊಳಗಿನ ಕೋವಿಡ್ ಪರೀಕ್ಷೆ ಸಾಕಿತ್ತು, 2021ರ ಡಿಸೆಂಬರ್ 6ರಿಂದ ಒಂದೇ ದಿನದೊಳಗಿನದು ಬೇಕಾಯಿತು. ಕೋವ್ಯಾಕ್ಸಿನ್ ಹಾಕಿಸಿಕೊಂಡವರು ವಿಶ್ವ ಆರೋಗ್ಯ ಸಂಸ್ಥೆಯ ಅನುಮೋದನೆಗಾಗಿ 2021ರ ನವೆಂಬರ್ 3ರವರೆಗೆ ಕಾದರು. ತೋಳಿಗೆ ಚುಚ್ಚಿದ್ದು ಲಸಿಕೆಯೇ ಹೌದೋ ಅಲ್ಲವೋ ಎಂಬುದು ಇಳಿಯುವ ದೇಶದ ಮೇಲೆ ಅವಲಂಬಿಸಿದ್ದ ಕಾಲ ಅದು.

ಕ್ವಾರಂಟೈನ್ ಖರ್ಚೂ ಹಗುರವಿರಲಿಲ್ಲ: ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಒಬ್ಬ ವಯಸ್ಕರಿಗೆ ಹೋಟೆಲ್ ವಾಸಕ್ಕೆ 3,000 ಆಸ್ಟ್ರೇಲಿಯನ್ ಡಾಲರ್ ತೆರಬೇಕಿತ್ತು. ಜೆ-1ಗೆ ಕಡ್ಡಾಯವಾದ ವಿಮೆಯ ಕನಿಷ್ಠ ಮೊತ್ತ ಪ್ರತಿ ಕಾಯಿಲೆಗೆ 1,00,000 ಅಮೆರಿಕನ್ ಡಾಲರ್. ಮೃತದೇಹವನ್ನು ಊರಿಗೆ ಕಳಿಸಲು 25,000 ಡಾಲರ್ ಇರಬೇಕೆಂಬ ಷರತ್ತೂ ಅದರಲ್ಲಿದೆ. ನಿಯಮ ಬರೆದವರಿಗೆ ಭ್ರಮೆಗಳಿರಲಿಲ್ಲ.

ಒಮಿಕ್ರಾನ್ ಗಡಿ ದಾಟಿದ್ದು ಹೌದು, ಅದು ದಾಟಿದ್ದು ಪ್ರಯಾಣಿಕರೊಡನೆಯೇ. ಕ್ಷೇತ್ರಕಾರ್ಯಕ್ಕೆ ಹೋಗುವವರು ಆಸ್ಪತ್ರೆ ಹತ್ತಿರವಿಲ್ಲದ ಹಳ್ಳಿಗಳಲ್ಲಿ ಮನೆಮನೆ ಹೊಕ್ಕು ಮುದುಕರ ಎದುರು ಗಂಟೆಗಟ್ಟಲೆ ಕೂರುತ್ತಾರೆ. ಸಂಶೋಧಕರಿಗಾದರೂ ವಿಮೆ ಇದೆ. ಬಾಗಿಲು ತೆರೆದ ಆ ಮನೆಯವರಿಗೆ ಏನಿದೆ?

ಇಷ್ಟರ ಮೇಲೂ ಹೋಗಲೇಬೇಕೆನ್ನುವವರು ಆಹ್ವಾನ ಪತ್ರದ ಸ್ವಾಗತದ ಸಾಲುಗಳಿಗೆ ಮರುಳಾಗದೆ ಆತಿಥೇಯ ವಿಶ್ವವಿದ್ಯಾಲಯಕ್ಕೆ ಮೂರು ಪ್ರಶ್ನೆ ಬರೆಯಲಿ. ವಾಪಸು ವಿಮಾನ ರದ್ದಾದರೆ ಹೆಚ್ಚುವರಿ ತಿಂಗಳ ಬಾಡಿಗೆ ಯಾರದು? ಫೆಲೋಶಿಪ್ ಮುಗಿದ ಮೇಲೆ ವಿಮೆ ಎಷ್ಟು ದಿನ? ಅವಧಿ ವಿಸ್ತರಣೆಯ ಕಾಗದಪತ್ರ ಮಾಡಿಕೊಡುವವರು ಯಾರು? ಲಿಖಿತ ಉತ್ತರ ಕೈಸೇರುವವರೆಗೆ ಟಿಕೆಟ್ ಬುಕ್ ಮಾಡುವುದು ಬೇಡ.