ಮಡಿಕೆ ಬೀಳದ ನೋಟು

ನಿನ್ನೆ ನಾಣ್ಯ ಪ್ರದರ್ಶನವೊಂದರಲ್ಲಿ ವ್ಯಾಪಾರಿಯೊಬ್ಬರು ತೆರೇಸಿಯೆನ್‌ಸ್ಟಾಟ್‌ನ 100 ಕ್ರೋನ್ ನೋಟನ್ನು ಕೈಗಿತ್ತು, “ಒಂದೇ ಒಂದು ಮಡಿಕೆ ಇಲ್ಲ ಸಾರ್, ಗರಿಗರಿ” ಎಂದು ಹೆಮ್ಮೆಪಟ್ಟರು. ಬ್ಯಾಂಕಿನ ಕೌಂಟರಿನಲ್ಲಿ ನೋಟು ಎಣಿಸಿಯೇ ನಿವೃತ್ತನಾದವನು ನಾನು. ಆ ಗರಿಗರಿತನ ಕಂಡು ನನಗೆ ಮೈಯುರಿಯಿತು.

ಆ ನೋಟು ಏಕೆ ಮಡಿಸಿಲ್ಲವೆಂದರೆ, ಅದನ್ನು ಖರ್ಚು ಮಾಡಲು ಅಲ್ಲಿ ಹೆಚ್ಚೇನೂ ಇರಲಿಲ್ಲ. ಇಂದಿನ ಚೆಕ್ ದೇಶದಲ್ಲಿರುವ ಆ ಊರಿನಲ್ಲಿ ಯಹೂದಿಗಳನ್ನು ಕೂಡಿಹಾಕಿದ ನಾಜಿಗಳು, ಇದು ತನ್ನದೇ ಬ್ಯಾಂಕು ಇರುವ ಸುಖೀ ಪಟ್ಟಣವೆಂದು ಲೋಕಕ್ಕೆ ತೋರಿಸಲು 1943ರಲ್ಲಿ ಈ ನೋಟುಗಳನ್ನು ಹೊರತಂದರು. ಧರ್ಮಶಾಸನದ ಫಲಕ ಹಿಡಿದ ಮೋಸೆಸ್‌ನ ಚಿತ್ರವುಳ್ಳ ಈ ನೋಟಿನ ಮೇಲೆ, ಅಲ್ಲಿನ ಬಂಧಿತ ಯಹೂದಿಗಳ ಮಂಡಳಿಯ ಮುಖ್ಯಸ್ಥರಾಗಿದ್ದ ಯಾಕೋಬ್ ಎಡೆಲ್‌ಸ್ಟೈನ್ ಅವರ ಸಹಿಯಿದೆ. 1944ರ ಜೂನ್ 23ರಂದು ರೆಡ್‌ಕ್ರಾಸ್ ಪ್ರತಿನಿಧಿಗಳು ಆ ಅಲಂಕೃತ ಊರನ್ನು ನೋಡಲು ಬಂದರು. ಸಹಿ ಹಾಕಿದವರನ್ನು ಅದಕ್ಕೆ ಮೂರು ದಿನ ಮೊದಲು ನಾಜಿಗಳ ಮರಣಶಿಬಿರ ಆಶ್ವಿಟ್ಸ್‌ನಲ್ಲಿ ಗುಂಡಿಕ್ಕಿ ಕೊಂದಿದ್ದರು. ಗರಿಗರಿಯಂತೆ!

ಸಂಗ್ರಾಹಕರಿಗೆ ಸ್ಥಿತಿಯೇ ಮುಖ್ಯ, ಅಂಚೆಚೀಟಿಗೂ ಇದೇ ನಿಯಮ ಎಂದು ನೀವು ವಾದಿಸಬಹುದು. ಅಂಚೆಚೀಟಿಗೆ ಅನ್ವಯಿಸಿಕೊಳ್ಳಿ, ನನ್ನ ಅಭ್ಯಂತರವಿಲ್ಲ. ಆದರೆ ಬಳಸಲಾಗದ ಹಣವು ಬಳಕೆಯಾಗದೆ ಉಳಿದದ್ದನ್ನೇ ಅದರ ಗುಣವೆಂದು ಮಾರುವುದು ಯಾವ ನಿಯಮ?

ನಿಜವಾಗಿ ಕೈಬದಲಾದ ಶಿಬಿರದ ನೋಟುಗಳೂ ಇದ್ದವು. 1940ರಲ್ಲಿ ಬ್ರಿಟನ್ ತನ್ನಲ್ಲಿ ಆಶ್ರಯ ಪಡೆದಿದ್ದ ಯಹೂದಿಗಳನ್ನೇ ಶತ್ರುದೇಶದವರೆಂದು ಹಿಡಿದು, ‘ಡುನೇರಾ’ ಹಡಗಿನಲ್ಲಿ ಆಸ್ಟ್ರೇಲಿಯಾಕ್ಕೆ ಸಾಗಿಸಿತು; ದಾರಿಯುದ್ದಕ್ಕೂ ಕಾವಲಿನವರೇ ಅವರನ್ನು ದೋಚಿದರು. ಹೇ ಎಂಬ ಊರಿನ ಶಿಬಿರದಲ್ಲಿ ಅವರಲ್ಲೊಬ್ಬರಾದ ವಿಯೆನ್ನಾದ ಕಲಾವಿದ ಜಾರ್ಜ್ ಟೆಲ್ಚರ್ ಆರು ಪೆನ್ಸ್, ಒಂದು ಶಿಲ್ಲಿಂಗ್, ಎರಡು ಶಿಲ್ಲಿಂಗ್‌ಗಳ ನೋಟು ಬರೆದುಕೊಟ್ಟರು, ಅಲ್ಲಿಯ ಪತ್ರಿಕೆಯೊಂದರ ಮುದ್ರಣಾಲಯ ಅಚ್ಚುಹಾಕಿತು. ನೋಟಿನ ಅಂಚಿನಲ್ಲಿ ಬಿಡಿಸಿದ ಮುಳ್ಳುತಂತಿಯನ್ನು ಕಣ್ಣು ಕಿರಿದಾಗಿಸಿ ಓದಿದರೆ, “ನಾವು ಇಲ್ಲಿದ್ದೇವೆ, ಏಕೆಂದರೆ ಇಲ್ಲಿದ್ದೇವೆ, ಏಕೆಂದರೆ…” ಎಂಬ ಇಂಗ್ಲಿಷ್ ಅಕ್ಷರಗಳು. ಹಿಂಬದಿಯಲ್ಲಿ ಬಿಡಿಸಿದ ಕುರಿಗಳ ಉಣ್ಣೆಯಲ್ಲಿ ಬಂಧಿಗಳ ಹೆಸರುಗಳು. ಅಧಿಕಾರಿಗಳು ಬೇಗನೆ ಆ ನೋಟುಗಳ ಚಲಾವಣೆಯನ್ನು ನಿಲ್ಲಿಸಿದರು. ಆ ನೋಟು ಹರಿದು ಜಿಡ್ಡು ಹಿಡಿದಿದ್ದರೆ ಯಾರೋ ಅದರಿಂದ ಸೋಪನ್ನೋ ಸಿಗರೇಟನ್ನೋ ಕೊಂಡಿದ್ದಾರು. ಹಾಗಿದ್ದರೂ ಮಾರುಕಟ್ಟೆಯಲ್ಲಿ ಅದಕ್ಕೇ ಬೆಲೆ ಕಡಿಮೆ.

ನಾನೇನೂ ಸಾಚಾ ಅಲ್ಲ. ಹಬ್ಬ ಬಂದರೆ ಹೊಸ ನೋಟಿನ ಕಟ್ಟನ್ನು ಪರಿಚಯದವರಿಗೆಂದು ಡ್ರಾಯರಿನಲ್ಲಿ ಎತ್ತಿಟ್ಟು, ಹೂಮಾರುವ ಹೆಂಗಸಿಗೆ ಮಾಸಿದ ನೋಟು ಎಣಿಸಿಕೊಟ್ಟವನು ನಾನೇ.

ಇದನ್ನೆಲ್ಲ ಆ ವ್ಯಾಪಾರಿಗೆ ಅರ್ಧ ಗಂಟೆ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು, ಇನ್ನೂರು ರೂಪಾಯಿ ಇಳಿಸಿದರು.