ಒಡ್ಡೋಲಗದಲ್ಲೇ ಬೆಳಗಾದ ವೆಬ್‌ಸೈಟ್

ನಮ್ಮ ಶಿರಸಿ ಕಡೆ ಯಾರಾದರೂ ಹೊಸದಾಗಿ ವೆಬ್‌ಸೈಟ್ ಮಾಡಿಸುವವರಿದ್ದರೆ ಸ್ವಲ್ಪ ತಡೆಯಿರಿ. ಹೇಗೆ ಮಾಡಿಸಬೇಕು ಅಂತ ನಾನು ಹೇಳಿಕೊಡುತ್ತೇನೆ. ಹೋದ ಮಳೆಗಾಲದಲ್ಲಿ ಒಂದು ಕಚೇರಿಯ ಅರ್ಜಿ ಫಾರ್ಮ್ ಹುಡುಕಿ ಹುಡುಕಿ ನನಗೆ ಈ ವಿದ್ಯೆ ಒಲಿದಿದೆ. ಕಚೇರಿಯ ಹೆಸರು ಬೇಡ ಬಿಡಿ, ನಾಳೆ ಮತ್ತೆ ಅಲ್ಲಿಗೇ ಹೋಗಬೇಕು.

ಬಂದವರಿಗೆ ಬೇಕಾದ್ದನ್ನು ಮಾತ್ರ ಎದುರಿಗೆ ಇಡಬಾರದು. ಮುಖಪುಟ ಅಂದರೆ ಯಕ್ಷಗಾನದಲ್ಲಿ ವೇಷಗಳು ಮೊದಲ ಸಲ ಠೀವಿಯಿಂದ ರಂಗಕ್ಕೆ ಬರುವ ಒಡ್ಡೋಲಗ ಇದ್ದ ಹಾಗೆ. ತೆರೆ ಸರಿದ ಕೂಡಲೇ ಮಂತ್ರಿಗಳ ಫೋಟೋ, ಹಿಂದೆಯೇ ದೊಡ್ಡ ಸಾಹೇಬರು, ಅವರ ಹಿಂದೆ ಸಣ್ಣ ಸಾಹೇಬರು, ಆಮೇಲೆ ‘ನಮ್ಮ ಧ್ಯೇಯ’, ‘ನಮ್ಮ ದೂರದೃಷ್ಟಿ’. ಆಟದಲ್ಲಾದರೆ ಒಡ್ಡೋಲಗ ಮುಗಿದ ಮೇಲೆ ಪ್ರಸಂಗ ಮುಂದೆ ಹೋಗುತ್ತದೆ. ಇಲ್ಲಿ ಬೆಳಗಿನವರೆಗೂ ಒಡ್ಡೋಲಗವೇ.

ನಡುವೆ ಐದು ದೊಡ್ಡ ಫೋಟೋ ಉರುಳುತ್ತಲೇ ಇರಬೇಕು. ಯಾಣದ ಬಂಡೆ, ಮುರ್ಡೇಶ್ವರದ ಶಿವ, ಕಾರವಾರದ ಕಡಲತೀರದ ಯುದ್ಧನೌಕೆ, ಹೀಗೆ. ಅರ್ಜಿಗೂ ಯಾಣಕ್ಕೂ ಏನು ಸಂಬಂಧ ಅಂತ ಕೇಳಬೇಡಿ. ಫೋಟೋವನ್ನು ಫೋನಿನ ಅಗಲಕ್ಕೆ ಕುಗ್ಗಿಸಿದರೆ 100-150 ಕೆಬಿಯಲ್ಲಿ ಮುಗಿಯುತ್ತದೆ, ಆದರೆ ಅದು ಬಡತನದ ಲಕ್ಷಣ. ಕ್ಯಾಮೆರಾದಿಂದ ಬಂದದ್ದನ್ನು ಹಾಗೇ ಹಾಕಬೇಕು, ಒಂದೊಂದು 6 ಎಂಬಿ, ಐದು ಸೇರಿ 30. ಸೆಕೆಂಡಿಗೆ 1 ಮೆಗಾಬಿಟ್ ಬರುವ ನೆಟ್ಟಿನಲ್ಲಿ ಇದು ಇಳಿಯಲು 240 ಸೆಕೆಂಡ್, ಅಂದರೆ ಸರಿಯಾಗಿ 4 ನಿಮಿಷ. ನಮ್ಮನೆಗೆ ಸಿಗ್ನಲ್ ಸಿಗುವುದು ಸೊಪ್ಪಿನ ಬೆಟ್ಟದ ದರೆ ಹತ್ತಿದರೆ ಮಾತ್ರ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಫೋನು ಹಿಡಿದು ನಿಂತೆ. ಮುರ್ಡೇಶ್ವರದ ಶಿವ ಸೊಂಟದವರೆಗೆ ಕಾಣುವಷ್ಟರಲ್ಲಿ ಕಾಲಿಗೆ ಎರಡು ಉಂಬಳ (ಜಿಗಣೆ) ಹತ್ತಿದ್ದವು.

ಮುಖ್ಯವಾದ ಸುದ್ದಿ ಓಡುತ್ತಿರಬೇಕು. ಅದೂ ಬಲದಿಂದ ಎಡಕ್ಕೆ, ಓದಲು ಕೂತವರಿಗಿಂತ ಸ್ವಲ್ಪ ಜೋರಾಗಿ. ಕೊನೆಯ ದಿನಾಂಕ ಅದರೊಳಗೇ ಓಡಿ ಹೋದರೆ ಇನ್ನೂ ಚಂದ. ನಮ್ಮ ಅತ್ತೆ ಕನ್ನಡಕ ಏರಿಸಿ, ಇಳಿಸಿ ನೋಡಿ ಕೊನೆಗೆ “ತಮಾ, ಇದು ಒಂದ್ ಕಡೆ ನಿಲ್ತೇ ಇಲ್ಲೆ” ಅಂತ ಫೋನು ನನ್ನ ಕೈಗೆ ಕೊಟ್ಟರು. ತಾನಾಗಿಯೇ 5 ಸೆಕೆಂಡಿಗಿಂತ ಜಾಸ್ತಿ ಓಡುವ ಅಕ್ಷರವನ್ನು ನಿಲ್ಲಿಸಲು ಒಂದು ದಾರಿ ಇರಬೇಕು ಅನ್ನುವುದು ವೆಬ್ ಪುಟಗಳ ಅಂತಾರಾಷ್ಟ್ರೀಯ ನಿಯಮ. ಇರಲಿ, ಅವರಿಗೆ ನಮ್ಮ ಅತ್ತೆಯ ಪರಿಚಯ ಇಲ್ಲ. ಅದೇ ನಿಯಮದಲ್ಲಿ ಅಕ್ಷರಕ್ಕೂ ಹಿಂದಿನ ಬಣ್ಣಕ್ಕೂ ಕನಿಷ್ಠ 4.5ಕ್ಕೆ 1ರಷ್ಟು ವ್ಯತ್ಯಾಸ ಬೇಕು ಅಂತಲೂ ಇದೆ. ನಮ್ಮ ಕಚೇರಿಯವರು ಅಭಿಮಾನದಿಂದ ಅಚ್ಚ ಹಳದಿಯ ಮೇಲೆ ಅಚ್ಚ ಕೆಂಪು ಸುರಿದಿದ್ದಾರೆ. ಲೆಕ್ಕ ಹಾಕಿದರೆ ಅದು ಸುಮಾರು 3.7. ಬಾವುಟಕ್ಕೆ ಸರಿ, ಅರ್ಜಿಯ ನಿಯಮ ಓದಲು ಕಣ್ಣು ಉರಿಯುತ್ತದೆ.

ಇನ್ನು ಫಾರ್ಮಿನ ವಿಷಯ. ಇದು ಬಹಳ ನಾಜೂಕಿನ ಕೆಲಸ. ಎಲ್ಲ ಭಾಷೆಯ ಅಕ್ಷರಗಳನ್ನೂ ಕಂಪ್ಯೂಟರಿಗೆ ಗುರುತಿಸಿಕೊಡುವ ಸಂಕೇತಗಳ ಪಟ್ಟಿ ಯೂನಿಕೋಡ್. ಅದರ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿದೆ, ಟೈಪ್ ಮಾಡಿ ನೇರ ಪುಟಕ್ಕೆ ಹಾಕಬಹುದು. ಹಾಕಬಾರದು! ಮೊದಲು ಹಳೇ ಫಾಂಟಿನಲ್ಲಿ ಟೈಪ್ ಮಾಡಬೇಕು. ಪುಟಕ್ಕೆ ಹಾಕಿದಾಗ ಅದು ತಲೆಬುಡ ಇಲ್ಲದ ಇಂಗ್ಲಿಷ್ ಅಕ್ಷರಗಳ ಗೋಜಲು ಆಗುತ್ತದೆ. ಆಗ ಹೆದರದೆ ಅದನ್ನು ಕಾಗದದ ಮೇಲೆ ಮುದ್ರಿಸಿ, ಸೀಲು ಒತ್ತಿ, ಸಹಿ ಮಾಡಿಸಿ, ಸ್ವಲ್ಪ ಓರೆಯಾಗಿ ಸ್ಕ್ಯಾನ್ ಮಾಡಿ, ಪಿಡಿಎಫ್ ಮಾಡಿ ಹಾಕಬೇಕು. ಈಗ ಅದು ಬರಹ ಅಲ್ಲ, ಬರಹದ ಫೋಟೋ. ಒಂದು ಶಬ್ದ ಹುಡುಕಿದರೆ ಸಿಗುವುದಿಲ್ಲ, ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕೂ ಅದು ಖಾಲಿ ಹಾಳೆ. ಅದರ ಕೊಂಡಿಗೆ ‘ಇಲ್ಲಿ ಕ್ಲಿಕ್ ಮಾಡಿ’ ಅಂತ ಹೆಸರಿಡಿ. ಒಂದೇ ಪುಟದಲ್ಲಿ ಹದಿನೈದು ‘ಇಲ್ಲಿ’. ಎಲ್ಲದರ ಪಕ್ಕದಲ್ಲೂ ‘ಹೊಸದು’ ಅಂತ ಮಿಣುಕುತ್ತಿರಲಿ, ನಾಲ್ಕು ವರ್ಷದ ಹಿಂದಿನದಕ್ಕೂ. ಅಡಿಯಲ್ಲಿ ‘ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ನೋಡಿದರೆ ಉತ್ತಮ’ ಅಂತಲೂ ಒಂದು ಸಾಲು ಇರಲಿ. ಆ ಬ್ರೌಸರ್ ಮಾಡಿದವರೇ 2022ರ ಜೂನ್‌ನಲ್ಲಿ ಅದಕ್ಕೆ ಎಳ್ಳುನೀರು ಬಿಟ್ಟರು. ಆದರೇನು, ನಾವು ಪಿತೃಗಳನ್ನು ಮರೆಯುವವರಲ್ಲ.

ಬರವಣಿಗೆಗೆ ಜಾಸ್ತಿ ಕಷ್ಟ ಬೇಡ. ಶುರುವಿಗೆ ‘ಪ್ರಕೃತಿ ಮಾತೆಯ ಮಡಿಲಲ್ಲಿ’ ಇದ್ದರೆ ಆಯಿತು. ಮಾರಿಕಾಂಬೆಯ ಜಾತ್ರೆಯನ್ನು ಪ್ರತಿ ವರ್ಷ ಮಾಡಿಸಿ (ಎರಡು ವರ್ಷಕ್ಕೊಮ್ಮೆ ಅಂತ ಗೊತ್ತಿದ್ದವರು ಇಂಥದ್ದನ್ನೆಲ್ಲ ಓದುವುದಿಲ್ಲ), ಜೋಗವನ್ನು ಗಡಿ ದಾಟಿಸಿ ಉತ್ತರ ಕನ್ನಡಕ್ಕೆ ತನ್ನಿ. ಹೋಮ್‌ಸ್ಟೇ ಆದರೆ ‘ಶಿರಸಿಯಲ್ಲಿ ಶಿರಸಿ ಹೋಮ್‌ಸ್ಟೇ ಹುಡುಕುವವರಿಗೆ ಶಿರಸಿಯ ಶಿರಸಿ ಹೋಮ್‌ಸ್ಟೇ’ ಅಂತ ಬರೆದರೆ ಗೂಗಲ್ ಕರಗುತ್ತದೆ ಅನ್ನುವುದು ನಂಬಿಕೆ. ಮಳೆಗಾಲದಲ್ಲಿ ಅಲ್ಲಿಗೆ ಕಾರು ಹೋಗುತ್ತದೋ ಇಲ್ಲವೋ ಅಂತ ಮಾತ್ರ ಎಲ್ಲೂ ಬರೆಯಬೇಡಿ.

ಇಷ್ಟೆಲ್ಲ ಕಲಿತ ಮೇಲೂ ನಾನೇ ಒಮ್ಮೆ ಎಡವಿದೆ. ಪರಿಚಯದ ಸೊಸೈಟಿಯೊಂದರವರು ವೆಬ್‌ಸೈಟ್ ಮಾಡಿಕೊಡು ಅಂದಾಗ, ಸುಮ್ನೆ ಮೇಲ್ಗಡೆಯೇ ಇವತ್ತಿನ ಅಡಿಕೆ ದರ ಹಾಕಿ ತೋರಿಸಿದೆ. ರಾಶಿ, ಚಾಲಿ, ಬೆಟ್ಟೆ, ಬಿಳೆಗೋಟು, ಕೆಂಪುಗೋಟು, ಒಂದೊಂದಕ್ಕೆ ಒಂದು ಸಾಲು. ಅಧ್ಯಕ್ಷರು ಕವಳದ ಬಾಯಲ್ಲೇ ಮೇಲೆ ಕೆಳಗೆ ನೋಡಿ “ಎಲ್ಲಾ ಸರಿ ಇದ್ದು ತಮಾ, ಆದ್ರೆ ಇದು ವೆಬ್‌ಸೈಟ್ ಇದ್ದಾಂಗೆ ಇಲ್ಲೆ” ಅಂದರು. ಈಗ ಅಲ್ಲಿ ಅವರ ಸಂದೇಶ ಇದೆ. ಅದೇ ಐದು ಸಾಲನ್ನು ಯಾರ್ಡಿನ ಹುಡುಗ ಮಧ್ಯಾಹ್ನ ವಾಟ್ಸಾಪಿಗೆ ಹಾಕುತ್ತಾನೆ, ಸೀಮೆಗೆ ಸೀಮೆಯೇ ಊಟ ಬಿಟ್ಟು ನೋಡುತ್ತದೆ.

ಫಾರ್ಮು? ದೇವಿಮನೆ ಘಟ್ಟ ಇಳಿದು, ಕುಮಟಾದಲ್ಲಿ ಬಸ್ ಬದಲಿಸಿ, ಸುಮಾರು 120 ಕಿಲೋಮೀಟರ್ ದೂರದ ಕಾರವಾರಕ್ಕೇ ಹೋದೆ. ಕಿಟಕಿಯೊಳಗಿದ್ದವರು ತಲೆ ಎತ್ತದೆ “ಎಲ್ಲಾ ವೆಬ್‌ಸೈಟಲ್ಲೇ ಅದೆ ಅಲ್ರಾ” ಅಂದರು. ಪಕ್ಕದ ಗೋಡೆಯ ಮೇಲೆ ಒಂದು ಹಾಳೆ ಅಂಟಿಸಿತ್ತು. ಯಾವ ಯಾವ ಕಾಗದ ಬೇಕು, ಎಷ್ಟು ಫೋಟೋ, ಎಷ್ಟು ಗಂಟೆಯೊಳಗೆ, ಯಾವ ಕಿಟಕಿ. ಕಪ್ಪು ಸ್ಕೆಚ್ ಪೆನ್ನಿನಲ್ಲಿ ನಾಲ್ಕೇ ಸಾಲು, ದಪ್ಪ ಅಕ್ಷರ, ಓಡುತ್ತಿರಲಿಲ್ಲ. ಖುಷಿಯಾಗಿ ಫೋಟೋ ಹೊಡೆದು ಊರಿನ ಗ್ರೂಪಿಗೆ ಹಾಕಿದೆ.

ಹದಿನೈದು ದಿನ ಬಿಟ್ಟು ನೋಡಿದರೆ ಆ ಫೋಟೋ ಕಚೇರಿಯ ವೆಬ್‌ಸೈಟಿನಲ್ಲೇ ಇದೆ. ಪಿಡಿಎಫ್ ಮಾಡಿದ್ದಾರೆ, ಅಡ್ಡಡ್ಡ ತಿರುಗಿದೆ. ಮೂಲೆಯಲ್ಲಿ ನನ್ನ ಹೆಬ್ಬೆರಳು, ಪಕ್ಕದಲ್ಲಿ ‘ಹೊಸದು’ ಅಂತ ಮಿಣುಕುತ್ತಿದೆ.